ಹೋಮರ್ ಮರಿಗಳ ಮೇವು: ತಾಯಿಯಿಂದ ಬೇರೆ ಮಾಡಿದ ದಿನದಿಂದ ರೇಸ್ ಮುಗಿಯುವ ತನಕ

ದೂರ ಒಯ್ದು ಬಿಟ್ಟರೂ ಗೂಡಿಗೆ ಮರಳುವ, ರೇಸ್‌ಗೆಂದು ಸಾಕುವ ಹೋಮರ್ ಪಾರಿವಾಳದವರು ಇಬ್ಬರು ಸೇರಿದರೆ ಮೇವಿನ ಮಾತು ಬಂದೇ ಬರುತ್ತದೆ. ಮಿಕ್ಸ್‌ಗೆ ಏನೇನು ಹಾಕ್ತೀರಾ ಎಂದು ಎಲ್ಲರೂ ಕೇಳುತ್ತಾರೆ. ತಲೆಗೆ ಎಷ್ಟು ಗ್ರಾಂ ಹಾಕ್ತೀರಾ, ಯಾವ ಹೊತ್ತಿಗೆ ಹಾಕ್ತೀರಾ ಎಂದು ಕೇಳುವವರು ಕಡಿಮೆ. ಮಳೆಗಾಲದ ಕೊನೆಗೆ ಹುಟ್ಟಿ ಜನವರಿಯಿಂದ ಹಾರಬೇಕಾದ ಮರಿಗಳ ಮಟ್ಟಿಗೆ ಕೇಳಬೇಕಾದದ್ದು ಈ ಎರಡನೆಯದನ್ನೇ. ಅವು ಬೆಳೆಯುತ್ತಿರುತ್ತವೆ, ಗರಿ ಬದಲಿಸುತ್ತಿರುತ್ತವೆ, ಅದರ ಮೇಲೆ ಹಾರಾಟವನ್ನೂ ಕಲಿಯುತ್ತಿರುತ್ತವೆ. ಈ ಮೂರೂ ಕೆಲಸಕ್ಕೆ ಒಂದೇ ಡಬ್ಬದ ಕಾಳನ್ನು ಒಂದೇ ಅಂದಾಜಿನಲ್ಲಿ ಸುರಿದರೆ ಮರಿ ಒಂದೋ ಬೊಜ್ಜು ಕಟ್ಟುತ್ತದೆ, ಇಲ್ಲವೇ ಎದೆ ಬತ್ತುತ್ತದೆ. ಹಾಗಾಗಿ ದುಬಾರಿ ಮಿಕ್ಸ್ ಕೊಳ್ಳುವ ಮೊದಲು ಅಡುಗೆಮನೆಯ ಸಣ್ಣ ಡಿಜಿಟಲ್ ತಕ್ಕಡಿ ಒಂದನ್ನು ಕೊಳ್ಳಿ. ಈ ಲೇಖನದ ಲೆಕ್ಕವೆಲ್ಲ 30 ಮರಿಗಳ ಒಂದು ಗೂಡಿಗೆ.

ಕಾಳು ಕೊಳ್ಳುವಾಗ

ಕಾಳಿನ ಅಂಗಡಿಯಲ್ಲಿ ಮೊದಲು ನೋಡಬೇಕಾದದ್ದು ಮೆಕ್ಕೆಜೋಳ. ಮಳೆಗೆ ಸಿಕ್ಕು ಸರಿಯಾಗಿ ಒಣಗದ ಮೆಕ್ಕೆಜೋಳದಲ್ಲಿ ಮತ್ತು ಕಡಲೆಕಾಯಿ ಬೀಜದಲ್ಲಿ ಬೂಷ್ಟು ಬೆಳೆದು ಅಫ್ಲಟಾಕ್ಸಿನ್ ಎಂಬ ವಿಷ ಕಟ್ಟಿಕೊಳ್ಳುತ್ತದೆ. ಅದು ಹಕ್ಕಿಯ ಯಕೃತ್ತನ್ನು ಹಾಳು ಮಾಡುತ್ತದೆ. ತೊಳೆದರೂ ಬಿಸಿಲಿಗೆ ಹಾಕಿದರೂ ಹೋಗುವುದಿಲ್ಲ. ಒಂದು ಹಿಡಿ ತೆಗೆದು ಮೂಗಿಗೆ ಹಿಡಿಯಿರಿ. ಮುಗ್ಗಲು ವಾಸನೆ ಬಂದರೆ ಅಲ್ಲೇ ಬಿಡಿ. ಕಾಳಿನ ಬುಡದಲ್ಲಿ, ಮೊಳಕೆ ಬರುವ ಜಾಗದಲ್ಲಿ, ಕಪ್ಪು ಅಥವಾ ಹಸಿರು ಛಾಯೆ ಇರಬಾರದು. ಹಲ್ಲಿನಲ್ಲಿ ಕಚ್ಚಿದರೆ ಟಕ್ಕನೆ ಒಡೆಯಬೇಕು, ಮೆತ್ತಗೆ ಜಜ್ಜಿಹೋಗಬಾರದು.

ನುಚ್ಚು ಮಾಡಿದ ಮೆಕ್ಕೆಜೋಳ ಮರಿಗೆ ಸುಲಭ ಎಂದು ತರುವವರಿದ್ದಾರೆ. ಒಡೆದ ಕಾಳಿಗೆ ಬೂಷ್ಟು ಬೇಗ ಹತ್ತುತ್ತದೆ, ಅದರಲ್ಲಿರುವ ಎಣ್ಣೆಯೂ ಕೆಡುತ್ತದೆ. ಸಣ್ಣ ಗಾತ್ರದ ಇಡೀ ಕಾಳೇ ವಾಸಿ. ಪಾಪ್‌ಕಾರ್ನ್‌ಗೆ ಬಳಸುವ ಜಾತಿಯಾದರೆ ಇನ್ನೂ ಒಳ್ಳೆಯದು, ಬೆಲೆ ಮಾತ್ರ ಹೆಚ್ಚು.

ಪ್ರತಿ ಹೊಸ ಚೀಲದಿಂದ 50 ಕಾಳು ಎಣಿಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಹೆಸರುಕಾಳು ಎರಡು ದಿನಕ್ಕೆ, ಗೋಧಿ ಮೂರು ದಿನಕ್ಕೆ, ಮೆಕ್ಕೆಜೋಳ ನಾಲ್ಕೈದು ದಿನಕ್ಕೆ ಮೊಳೆಯಬೇಕು. 45 ಮೊಳೆತರೆ ಒಳ್ಳೆಯ ಕಾಳು. 35ಕ್ಕಿಂತ ಕಡಿಮೆಯಾದರೆ ಅದು ಹಳೆಯದು ಅಥವಾ ಕೆಟ್ಟದ್ದು.

ಎರಡು ವಿಷಯದಲ್ಲಿ ರಾಜಿ ಬೇಡ. ಗುಲಾಬಿ, ಕೆಂಪು, ನೀಲಿ ಬಣ್ಣ ಹಚ್ಚಿದ ಕಾಳು ಬಿತ್ತನೆ ಬೀಜ. ಅದಕ್ಕೆ ಶಿಲೀಂಧ್ರನಾಶಕವೋ ಕೀಟನಾಶಕವೋ ಲೇಪಿಸಿರುತ್ತಾರೆ. ಉಳಿದ ಬೀಜವೆಂದು ಯಾರಾದರೂ ಅಗ್ಗಕ್ಕೆ ಕೊಟ್ಟರೂ ಗೂಡಿನ ಹತ್ತಿರ ತರಬೇಡಿ. ಇನ್ನೊಂದು, ಹುಳ ಬೀಳದಿರಲೆಂದು ಡ್ರಮ್ಮಿಗೆ ಗ್ಯಾಸ್ ಮಾತ್ರೆ ಹಾಕುವ ಅಭ್ಯಾಸ. ಅದರಿಂದ ಬರುವ ಫಾಸ್ಫಿನ್ ಅನಿಲ ಹಕ್ಕಿಯನ್ನಷ್ಟೇ ಅಲ್ಲ, ಮನೆಯವರನ್ನೂ ಕೊಲ್ಲಬಲ್ಲದು. ಕಾಳನ್ನು ಎರಡು ದಿನ ಚೆನ್ನಾಗಿ ಬಿಸಿಲಿಗೆ ಹರಡಿ, ಆರಿದ ಮೇಲೆ ಬಿಗಿ ಮುಚ್ಚಳದ ಡ್ರಮ್ಮಿಗೆ ತುಂಬಿ, ನಡುನಡುವೆ ಒಣಗಿದ ಬೇವಿನ ಸೊಪ್ಪು ಹಾಕಿದರೆ ಸಾಕು. ಡ್ರಮ್ಮನ್ನು ನೆಲದ ಮೇಲಿಡದೆ ಇಟ್ಟಿಗೆಯ ಮೇಲಿಡಿ. ತಿಂಗಳಿಗೆ ಬೇಕಾದಷ್ಟೇ ತನ್ನಿ: 30 ಮರಿಗೆ ಸುಮಾರು 30ರಿಂದ 35 ಕಿಲೊ.

ಮೊದಲ ವಾರ

ಮರಿಯನ್ನು 25ರಿಂದ 28 ದಿನದ ನಡುವೆ ಬೇರೆ ಮಾಡಿ. ರೆಕ್ಕೆ ಎತ್ತಿ ಕೆಳಗೆ ನೋಡಿದರೆ ಕಂಕುಳಲ್ಲಿ ಗರಿ ತುಂಬಿರಬೇಕು. ಬರಿ ಚರ್ಮ ಕಾಣುತ್ತಿದ್ದರೆ ಇನ್ನೆರಡು ದಿನ ತಾಯಿ ಹತ್ತಿರವೇ ಇರಲಿ. ಬೇರೆ ಮಾಡಿದ ದಿನವೇ ಪ್ರತಿ ಮರಿಯ ಕೊಕ್ಕನ್ನು ನೀರಿಗೆ ಅದ್ದಿ ತೋರಿಸಿ, ಮೂಗಿನ ಹೊಳ್ಳೆ ಮುಳುಗದಂತೆ. ಪಾರಿವಾಳ ಕೋಳಿಯ ಹಾಗೆ ತಲೆಯೆತ್ತಿ ನೀರು ನುಂಗುವುದಿಲ್ಲ, ಕೊಕ್ಕು ಅದ್ದಿ ಹೀರುತ್ತದೆ. ಒಮ್ಮೆ ಹೀರಿದ ಮರಿಗೆ ಮತ್ತೆ ಕಲಿಸಬೇಕಾಗಿಲ್ಲ. ಕಾಳಿಗಿಂತ ನೀರು ಸಿಗದೆ ಸಾಯುವ ಮರಿಗಳೇ ಹೆಚ್ಚು. ಸಂಜೆ ಗಂಟಲ ಚೀಲವನ್ನು ಮುಟ್ಟಿ ನೋಡಿ: ಕಾಳಿದ್ದೂ ಒಣಒಣ ಮರಳಿನಂತಿದ್ದರೆ ಅದು ನೀರು ಕುಡಿದಿಲ್ಲ.

ಮೊದಲ ದಿನ ಮರಿ ಏನೂ ತಿನ್ನದಿದ್ದರೆ ಗಾಬರಿ ಬೇಡ. ಎರಡನೆಯ ದಿನ ಸಂಜೆಗೂ ಚೀಲ ಖಾಲಿ ಇದ್ದರೆ ಕೈಯಿಂದ ತಿನ್ನಿಸಿ. ಒಣ ಬಟಾಣಿಯನ್ನು ರಾತ್ರಿ ನೆನೆಸಿ, ಬೆಳಿಗ್ಗೆ ತೊಳೆದು, ಉಗುರು ಬೆಚ್ಚಗಿನ ನೀರಲ್ಲಿ ಅದ್ದಿ, ಹೊತ್ತಿಗೆ 25–30 ಕಾಳಿನಂತೆ ಎರಡು ಹೊತ್ತು. ನೆನೆಸಿದ ಕಾಳನ್ನು ಮರುದಿನಕ್ಕೆ ಉಳಿಸಬೇಡಿ. ಹುಳಿ ಬಂದ ಕಾಳು ಚೀಲದಲ್ಲೂ ಹುಳಿಯಾಗಿ ಮರಿ ವಾಂತಿ ಮಾಡುತ್ತದೆ. ಇಂಥ ಮರಿಗಳ ಜೊತೆ ವಯಸ್ಸಾದ ಒಂದು ಸಾಧು ಹೆಣ್ಣು ಹಕ್ಕಿಯನ್ನು ಬಿಟ್ಟರೆ ಅರ್ಧ ಕೆಲಸ ಅದೇ ಮಾಡಿಬಿಡುತ್ತದೆ.

ಈ ವಾರ ಹಸಿವಿನ ಪಾಠ ಬೇಡ. ತಟ್ಟೆಯಲ್ಲಿ ದಿನವಿಡೀ ಕಾಳಿರಲಿ, ಆದರೆ ಸಣ್ಣ ಕಾಳು ಹೆಚ್ಚಿರಲಿ: ಸಜ್ಜೆ, ಜೋಳ, ಹೆಸರು, ಗೋಧಿ. ದಪ್ಪ ಮೆಕ್ಕೆಜೋಳವನ್ನು ಹೊಸ ಮರಿ ಕೊಕ್ಕಿನಲ್ಲಿ ಹಿಡಿದು ಬಿಸಾಡುತ್ತದೆ.

ಬೆಳೆಯುವ ಕಾಲದ ಮಿಕ್ಸ್

ಬೇರೆ ಮಾಡಿದ ಎರಡನೆಯ ವಾರದಿಂದ ಸುಮಾರು ಹನ್ನೆರಡು ವಾರದ ತನಕ ಮರಿಗೆ 15–16% ಪ್ರೋಟೀನ್ ಬೇಕು. ಬೇಳೆಕಾಳು ಹಾಕದೆ ಇದು ಆಗುವುದಿಲ್ಲ; ಮೆಕ್ಕೆಜೋಳದಲ್ಲಿ ಪ್ರೋಟೀನ್ ಸುಮಾರು 9%, ಜೋಳದಲ್ಲಿ 10, ಗೋಧಿಯಲ್ಲಿ 12ರ ಆಸುಪಾಸು. ಹೆಸರು ಮತ್ತು ಅಲಸಂದೆಯಲ್ಲಿ 24, ಬಟಾಣಿಯಲ್ಲಿ 22. ಬೆಂಗಳೂರಿನ ಯಾವ ಕಾಳಿನ ಅಂಗಡಿಯಲ್ಲೂ ಸಿಗುವ ಸಾಮಾನಿನಿಂದ 10 ಕಿಲೊ ಹೀಗೆ ಮಾಡಿ:

ಮೆಕ್ಕೆಜೋಳ ಒಂದೂವರೆ ಕಿಲೊ, ಬಿಳಿ ಜೋಳ ಒಂದೂವರೆ, ಗೋಧಿ ಒಂದೂವರೆ, ಸಜ್ಜೆ ಒಂದು, ಹೆಸರುಕಾಳು ಒಂದೂವರೆ, ಒಣ ಬಟಾಣಿ ಒಂದೂವರೆ, ಅಲಸಂದೆ ಅರ್ಧ, ಸಣ್ಣ ಕಪ್ಪು ಕಡಲೆ ಅರ್ಧ, ಕುಸುಬೆ ಅರ್ಧ.

ಕಡಲೆಯನ್ನೇ ಹೆಚ್ಚು ಹಾಕುವ ಅಭ್ಯಾಸ ನಮ್ಮಲ್ಲಿದೆ, ಅಗ್ಗವೆಂದು. ಅದು ನಿಧಾನಕ್ಕೆ ಜೀರ್ಣವಾಗುವ ಕಾಳು. ಒಂದು ಕಿಲೊ ದಾಟಿಸಬೇಡಿ. ಬಟಾಣಿ ದುಬಾರಿಯಾದ ದಿನಗಳಲ್ಲಿ ಅದರ ಅರ್ಧಭಾಗ ಹೆಸರು ಸೇರಿಸಿದರೆ ಏನೂ ನಷ್ಟವಿಲ್ಲ.

ತಲೆಗೆ ದಿನಕ್ಕೆ 35ರಿಂದ 40 ಗ್ರಾಂ. 30 ಮರಿಗೆ 1,050ರಿಂದ 1,200 ಗ್ರಾಂ. ಮೂರನೇ ಒಂದು ಭಾಗ ಬೆಳಿಗ್ಗೆ, ಉಳಿದದ್ದು ಸಂಜೆ. ನೆಲಕ್ಕೆ ಎರಚಬೇಡಿ, ಹಿಕ್ಕೆಯ ಜೊತೆ ಕಾಕ್ಸಿಡಿಯಾ ಎಂಬ ಕರುಳಿನ ರೋಗಾಣುವೂ ಜಂತು ಮೊಟ್ಟೆಯೂ ಹೊಟ್ಟೆಗೆ ಹೋಗುತ್ತದೆ. ಉದ್ದನೆಯ ಮೇವಿನ ತೊಟ್ಟಿ ಇಡಿ. ಮರಿಯೊಂದಕ್ಕೆ ಕನಿಷ್ಠ 7 ಸೆಂ.ಮೀ. ಜಾಗ ಇರಲಿ, ಅಂದರೆ 30 ಮರಿಗೆ ಎರಡು ಕಡೆಯಿಂದ ತಿನ್ನುವ ಸುಮಾರು 105 ಸೆಂ.ಮೀ. ಉದ್ದದ ಒಂದು ತೊಟ್ಟಿ. ಜಾಗ ಕಡಿಮೆಯಾದರೆ ಗಟ್ಟಿ ಮರಿಗಳು ಬಟಾಣಿ, ಮೆಕ್ಕೆಜೋಳ ಆರಿಸಿ ತಿಂದು ಹಿಂದೆ ಸರಿಯುತ್ತವೆ. ಬಡಪಾಯಿಗಳಿಗೆ ಉಳಿಯುವುದು ಗೋಧಿ ಮತ್ತು ಸಿಪ್ಪೆ. ತಿಂಗಳಾದ ಮೇಲೆ ಒಂದೇ ಗೂಡಿನಲ್ಲಿ ಬೊಜ್ಜಿನ ಹಕ್ಕಿಯೂ ಬಡಕಲು ಹಕ್ಕಿಯೂ ಇರುವುದಕ್ಕೆ ಬಹುಪಾಲು ಇದೇ ಕಾರಣ.

ಈ ಕಾಲದಲ್ಲಿ ಮೇವು ತಪ್ಪಿದರೆ ಗರಿ ಅದನ್ನು ಬರೆದಿಟ್ಟುಕೊಳ್ಳುತ್ತದೆ. ಹಾರುಗರಿಯನ್ನು ಬೆಳಕಿಗೆ ಹಿಡಿದು ನೋಡಿ; ಅಡ್ಡಲಾಗಿ ಸಣ್ಣ ಗೆರೆ, ಸವೆದಂಥ ಜಾಗ ಕಂಡರೆ ಆ ಭಾಗ ಬೆಳೆಯುತ್ತಿದ್ದ ದಿನಗಳಲ್ಲಿ ಮರಿ ಹಸಿದಿತ್ತು ಅಥವಾ ಕಾಯಿಲೆ ಬಿದ್ದಿತ್ತು. ಆ ಗರಿ ಬದಲಾಗುವ ತನಕ ಸರಿಹೋಗುವುದಿಲ್ಲ. ವಾರಕ್ಕೆರಡು ಸಲ ಸಂಜೆಯ ಮೇವಿಗೆ 30 ಮರಿಗೆ ಎರಡು ಚಮಚ ಅಗಸೆ ಬೀಜ ಸೇರಿಸುವುದು ಗರಿಗೆ ಒಳ್ಳೆಯದು.

ಕಾಳು ಅರೆಯಲೆಂದು ಹಕ್ಕಿ ನುಂಗುವ ಗಟ್ಟಿ ಚೂರುಗಳ ಮಿಶ್ರಣವೇ ಗ್ರಿಟ್. ಅದಿಲ್ಲದೆ ಈ ಕಾಳೆಲ್ಲ ಅರೆಯುವುದಿಲ್ಲ. ಒಂದು ಕಿಲೊ ಕಪ್ಪೆಚಿಪ್ಪಿನ ಚೂರು, 700 ಗ್ರಾಂ ಚೆನ್ನಾಗಿ ಸುಟ್ಟ ಕೆಂಪು ಇಟ್ಟಿಗೆಯ ಚೂರು, 200 ಗ್ರಾಂ ಇದ್ದಿಲು, 60 ಗ್ರಾಂ ಉಪ್ಪು. ಚೂರುಗಳು ಸಜ್ಜೆಯಿಂದ ಜೋಳದ ಗಾತ್ರದೊಳಗಿರಲಿ. ಪುಡಿಯನ್ನು ಜರಡಿ ಹಿಡಿದು ಬಿಸಾಡಿ. ಗಾರೆ ಹತ್ತಿದ ಹಳೆಯ ಇಟ್ಟಿಗೆ ಬೇಡ. ಸಣ್ಣ ಬಟ್ಟಲಲ್ಲಿ ಎರಡು ಮೂರು ದಿನಕ್ಕಾಗುವಷ್ಟೇ ಇಟ್ಟು ಬದಲಿಸಿ. ಬಹಳ ದಿನ ಗ್ರಿಟ್ ಕಾಣದ ಹಕ್ಕಿಗಳಿಗೆ ಒಮ್ಮೆಲೇ ಬಟ್ಟಲು ತುಂಬಿಸಿಟ್ಟರೆ ಉಪ್ಪಿಗಾಗಿ ಮುಗಿಬಿದ್ದು ತಿಂದು ನೀರಾಗಿ ಭೇದಿ ಮಾಡುತ್ತವೆ, ಸಾಯುವುದೂ ಉಂಟು. ಮೊದಲ ದಿನ ತಲೆಗೊಂದು ಚಿಟಿಕೆ ಸಾಕು. ವೈದ್ಯರು ನೀರಿನಲ್ಲಿ ಔಷಧ ಕೊಟ್ಟಿರುವ ದಿನಗಳಲ್ಲಿ ಇದ್ದಿಲಿರುವ ಗ್ರಿಟ್ ತೆಗೆದಿಡಿ. ಇದ್ದಿಲು ಔಷಧವನ್ನೇ ಹೀರಿಕೊಳ್ಳುತ್ತದೆ.

ಕರೆದರೆ ಬರಬೇಕು

ಆರನೆಯ ವಾರದ ಹೊತ್ತಿಗೆ ಮರಿಗಳು ಟೆರೇಸಿನ ಮೇಲೆ ಓಡಾಡಿ, ಪಕ್ಕದ ಮನೆಯ ನೀರಿನ ಟ್ಯಾಂಕಿನ ಮೇಲೆ ಕೂರಲು ಶುರು ಮಾಡುತ್ತವೆ. ಇಲ್ಲಿಂದ ಮೇವೇ ನಿಮ್ಮ ಕೈಲಿರುವ ಲಗಾಮು. ಹೊರಗೆ ಬಿಡುವುದು ಯಾವಾಗಲೂ ಮೇವಿಗೆ ಮೊದಲು. ಹಾರಿ ಇಳಿದ ಮೇಲೆ ಡಬ್ಬ ಅಲ್ಲಾಡಿಸಿ ಅಥವಾ ಸೀಟಿ ಹಾಕಿ, ಪ್ರತಿದಿನ ಅದೇ ಸದ್ದು. ಬಹುಪಾಲು ಒಳಗೆ ಬಂದ ಮೇಲೆ ಟ್ರ್ಯಾಪ್ (ಹಕ್ಕಿ ಗೂಡಿನೊಳಗೆ ಬರುವ ಬಾಗಿಲು) ಮುಚ್ಚಿ ಮೇವು ಸುರಿಯಿರಿ. ತಡವಾಗಿ ಬಂದವಕ್ಕೆ ಉಳಿದದ್ದು.

ಹಿಂದಿನ ಸಂಜೆಯ ಪಾಲನ್ನು ಕಾಲುಭಾಗ ಇಳಿಸಿದರೆ ಮರುದಿನ ಕರೆಗೆ ಓಗೊಡುವಷ್ಟು ಹಸಿವು ಸಾಕಾಗುತ್ತದೆ. ಶಿಸ್ತಿನ ಹೆಸರಿನಲ್ಲಿ ದಿನಕ್ಕೆ 20 ಗ್ರಾಂಗಿಂತ ಕೆಳಗಿಳಿಸುವವರಿದ್ದಾರೆ. ಅಂಥ ಮರಿ ಕರೆದ ಕೂಡಲೇ ಒಳಗೆ ನುಗ್ಗುತ್ತದೆ ನಿಜ, ಆದರೆ ಐದು ನಿಮಿಷವೂ ಗಾಳಿಯಲ್ಲಿ ನಿಲ್ಲುವುದಿಲ್ಲ. ಗದ್ದೆ, ಹೊಲ ಕಂಡರೆ ಕಾಳು ಹುಡುಕಲು ಇಳಿಯುವುದೂ ಇದೇ ಹಕ್ಕಿ. ಹೊಲಕ್ಕೆ ಇಳಿದ ಹಕ್ಕಿ ಕೀಟನಾಶಕಕ್ಕೋ ಕವಣೆಗೋ ಸಿಕ್ಕಿಕೊಳ್ಳುತ್ತದೆ.

ಎಷ್ಟು ಹಾಕಿದರೆ ಸರಿ ಎಂದು ಹಕ್ಕಿಯೇ ಹೇಳುತ್ತದೆ. ತೊಟ್ಟಿಗೆ ಸ್ವಲ್ಪಸ್ವಲ್ಪವೇ ಹಾಕುತ್ತಾ ಬನ್ನಿ. ಮೊದಲ ಎರಡು ಮೂರು ಹಕ್ಕಿ ನೀರಿನ ಕಡೆ ತಿರುಗಿದ ಕೂಡಲೇ ನಿಲ್ಲಿಸಿ. ಹತ್ತು ನಿಮಿಷದ ಮೇಲೂ ತೊಟ್ಟಿಯಲ್ಲಿ ಕಾಳಿದ್ದರೆ ಅದು ನಿಮ್ಮ ತಪ್ಪು ಲೆಕ್ಕ. ತೂಗಿ, ಮರುದಿನದ ಪಾಲಿನಿಂದ ಕಳೆಯಿರಿ.

ಟಾಸ್ ಶುರುವಾದ ಮೇಲೆ

ಟಾಸ್ ಎಂದರೆ ಹಕ್ಕಿಯನ್ನು ದೂರ ಒಯ್ದು ಬಿಟ್ಟು ಮನೆಗೆ ಹಾರಿಸುವ ಅಭ್ಯಾಸ. ದೇವನಹಳ್ಳಿ, ಚಿಕ್ಕಬಳ್ಳಾಪುರದ ಟಾಸ್‌ಗಳ ಹೊತ್ತಿಗೆ ಪ್ರೋಟೀನನ್ನು 12–13%ಗೆ ಇಳಿಸಿ. ಹೆಚ್ಚಾದ ಪ್ರೋಟೀನನ್ನು ಹಕ್ಕಿ ಯೂರಿಕ್ ಆಮ್ಲ ಮಾಡಿ ಹೊರಹಾಕಬೇಕು. ಅದಕ್ಕೆ ನೀರು ಬೇಕು, ಮೂತ್ರಪಿಂಡಕ್ಕೂ ಹೊರೆ. ಟಾಸ್‌ನಿಂದ ಬಂದ ಹಕ್ಕಿ ಬಟ್ಟಲು ಬಿಟ್ಟೇಳದೆ ನೀರು ಕುಡಿಯುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಬಟಾಣಿಯನ್ನು.

10 ಕಿಲೊಗೆ: ಮೆಕ್ಕೆಜೋಳ 3, ಜೋಳ 2, ಗೋಧಿ ಒಂದೂವರೆ, ಸಜ್ಜೆ 1, ಬಟಾಣಿ 1, ಹೆಸರು ಅರ್ಧ, ಕುಸುಬೆ ಅರ್ಧ, ಬತ್ತ ಅರ್ಧ. ತಲೆಗೆ 30 ಗ್ರಾಂ. ಇದನ್ನು ಟಾಸ್ ಮಿಕ್ಸ್ ಎನ್ನೋಣ. ಬೆಳೆಯುವ ಮಿಕ್ಸ್‌ನಿಂದ ಇದಕ್ಕೆ ಒಂದೇ ದಿನದಲ್ಲಿ ಹಾರಬೇಡಿ. ಒಂದು ವಾರ ಅರ್ಧರ್ಧ ಬೆರೆಸಿ ಕೊಡಿ.

ಇನ್ನೊಂದು ಡಬ್ಬದಲ್ಲಿ ಹಗುರ ಮೇವು ಇರಲಿ: ಟಾಸ್ ಮಿಕ್ಸ್ ಅರ್ಧ, ಬತ್ತ ಅರ್ಧ. ವಿದೇಶದ ಪುಸ್ತಕಗಳಲ್ಲಿ ಇಲ್ಲಿ ಬಾರ್ಲಿ ಎಂದಿರುತ್ತದೆ. ಕಿರಾಣಿ ಅಂಗಡಿಯ ಪಾಲಿಶ್ ಮಾಡಿದ ಬಿಳಿ ಬಾರ್ಲಿ ಅದಲ್ಲ. ಹೊಟ್ಟು ಸಮೇತದ ಜವೆಗೋಧಿ ಸಿಕ್ಕರೆ ಹಾಕಿ, ಸಿಗದಿದ್ದರೆ ಮೀಸೆ ಇಲ್ಲದ ಸಣ್ಣ ಬತ್ತ ಅದೇ ಕೆಲಸ ಮಾಡುತ್ತದೆ. ಹೊಟ್ಟಿನ ನಾರು ಹೊಟ್ಟೆ ತುಂಬಿಸುತ್ತದೆ, ಕೊಬ್ಬು ಕಟ್ಟುವುದಿಲ್ಲ. ಬತ್ತವನ್ನೂ ಬಿಡದೆ ತಿನ್ನುತ್ತಿವೆ ಎಂದರೆ ಹಕ್ಕಿಗಳಿಗೆ ಇನ್ನೂ ಹಸಿವಿದೆ. ಬತ್ತ ತೊಟ್ಟಿಯಲ್ಲೇ ಉಳಿದರೆ ಅವಕ್ಕೆ ಸಾಕಾಗಿದೆ.

ರೇಸ್ ವಾರ

ದೂರದ ಹಾರಾಟದಲ್ಲಿ ಪಾರಿವಾಳ ಉರಿಸುವುದು ಮುಖ್ಯವಾಗಿ ಕೊಬ್ಬನ್ನು. ಆ ಕೊಬ್ಬು ಹಿಂದಿನ ರಾತ್ರಿ ತಿಂದ ಮೇವಿನಿಂದ ದಿಢೀರನೆ ಬರುವುದಿಲ್ಲ. ಎರಡು ಮೂರು ದಿನದ ಮುಂಚಿನ ಮೆಕ್ಕೆಜೋಳ, ಕುಸುಬೆಗಳಿಂದ ಕಟ್ಟಿಕೊಂಡಿರಬೇಕು. ವಾರವಿಡೀ ಜಾಸ್ತಿ ತಿನ್ನಿಸಿದರೆ ಹಕ್ಕಿ ಭಾರವಾಗುತ್ತದೆ. ಹಾಗಾಗಿ ವಾರದ ಮೊದಲರ್ಧ ಹಗುರ, ಕೊನೆಯರ್ಧ ಗಟ್ಟಿ.

ಗಟ್ಟಿ ಮಿಕ್ಸ್ 10 ಕಿಲೊಗೆ: ಮೆಕ್ಕೆಜೋಳ 5, ಜೋಳ 2, ಸಜ್ಜೆ 1, ಕುಸುಬೆ 1, ಗೋಧಿ ಅರ್ಧ, ಹೆಸರು ಅರ್ಧ.

ಭಾನುವಾರ ರೇಸ್ ಎಂದಿಟ್ಟುಕೊಂಡರೆ ಸೋಮವಾರ, ಮಂಗಳವಾರ ಹಗುರ ಮೇವು 25–28 ಗ್ರಾಂ. ಬುಧವಾರ, ಗುರುವಾರ ಟಾಸ್ ಮಿಕ್ಸ್ 30 ಗ್ರಾಂ. ಶುಕ್ರವಾರ ಗಟ್ಟಿ ಮಿಕ್ಸ್, ತಿಂದಷ್ಟು. ಸಾಮಾನ್ಯವಾಗಿ 32–35 ಗ್ರಾಂಗೆ ನಿಲ್ಲುತ್ತವೆ. ಬೆಂಗಳೂರಿನಿಂದ ಉತ್ತರದ ದಾರಿಯಲ್ಲಿ ಅನಂತಪುರ ನೇರ ಗೆರೆಯಲ್ಲಿ ಸುಮಾರು 190 ಕಿ.ಮೀ.; ಗಾಳಿ ಎದುರಾಗದಿದ್ದರೆ ಮೂರು ಗಂಟೆಯ ಕೆಲಸ. ಅಷ್ಟಕ್ಕೆ ಈ ವೇಳಾಪಟ್ಟಿ ಸಾಕು. ಕರ್ನೂಲು ಸುಮಾರು 320 ಕಿ.ಮೀ.; ಅದಕ್ಕೆ ಗುರುವಾರ ಸಂಜೆಯಿಂದಲೇ ಗಟ್ಟಿ ಮಿಕ್ಸ್. ಹೈದರಾಬಾದ್ 500ರ ಹತ್ತಿರ, ಏಳೆಂಟು ಗಂಟೆ ರೆಕ್ಕೆ ಬಡಿಯಬೇಕು. ಅದಕ್ಕೆ ಬುಟ್ಟಿಗೆ (ರೇಸ್ ಶುರುವಾಗುವ ಊರಿಗೆ ಹಕ್ಕಿಗಳನ್ನು ಲಾರಿಯಲ್ಲಿ ಒಯ್ಯುವ ಬುಟ್ಟಿ) ಹೋಗುವ ಮೊದಲಿನ ಮೂರು ದಿನ ಗಟ್ಟಿ ಮಿಕ್ಸ್, ಜೊತೆಗೆ ಸಂಜೆ ತಲೆಗೆ ಎಂಟು ಹತ್ತು ಹಸಿ ಕಡಲೆಕಾಯಿ ಬೀಜ. ಚಿಕ್ಕ ರೇಸ್‌ಗೆ ನಾಲ್ಕೈದು ಬೀಜ, ಅದೂ ಒಂದೇ ದಿನ. ಸಣ್ಣ ಬೀಜ ತನ್ನಿ, ಹುರಿದದ್ದೂ ಉಪ್ಪು ಹಾಕಿದ್ದೂ ಬೇಡ. ಕಡಲೆಕಾಯಿ ಬೀಜದಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಎಣ್ಣೆ. ರುಚಿ ಹತ್ತಿದ ಹಕ್ಕಿ ಬೇರೆ ಕಾಳು ಮುಟ್ಟುವುದಿಲ್ಲ, ಆದ್ದರಿಂದ ಮೇವು ಮುಗಿದ ಮೇಲೆ ಕೈಯಿಂದ ಕೊಡಿ.

ಬಾದಾಮಿ, ತುಪ್ಪ, ಕೇಸರಿ ಅರೆದು ಉಂಡೆ ಕಟ್ಟಿ ನುಂಗಿಸುವುದು ಗಂಟೆಗಟ್ಟಲೆ ಮೇಲೆ ನಿಲ್ಲುವ ಹೈಫ್ಲೈಯರ್‌ಗಳನ್ನು ಸಾಕುವವರ ಪದ್ಧತಿ. ಹೋಮರ್ ಮರಿಗೆ ಅದರಿಂದ ಸಿಗುವುದು ಒಂದು ಹಿಡಿ ಕುಸುಬೆಯಿಂದಲೂ ಸಿಗುತ್ತದೆ, ಖರ್ಚು ಮಾತ್ರ ಬೇರೆ.

ಬುಟ್ಟಿಗೆ ಹಾಕುವ ದಿನ

ಕೊನೆಯ ಮೇವು ಬುಟ್ಟಿಗೆ ಹಾಕುವ ನಾಲ್ಕೈದು ಗಂಟೆ ಮೊದಲು, 15–20 ಗ್ರಾಂ, ಬಟಾಣಿ ಕಡಲೆ ಇಲ್ಲದ್ದು. ಕಾಳು ತುಂಬಿದ ಚೀಲ ಬುಟ್ಟಿಯಲ್ಲಿ ನೀರು ಕೇಳುತ್ತದೆ. ಲಾರಿಯಲ್ಲಿ ನೂಕುನುಗ್ಗಲಿನ ನಡುವೆ ನೀರಿನ ತೊಟ್ಟಿಗೆ ತಲೆ ಹಾಕಲು ಮರಿ ಹಕ್ಕಿಗೆ ಬರುವುದಿಲ್ಲ. ಇದಕ್ಕಾಗಿ ರೇಸ್‌ಗೆ ಎರಡು ಮೂರು ವಾರ ಮೊದಲೇ ಮನೆಯಲ್ಲಿ ಒಂದೆರಡು ರಾತ್ರಿ ಬುಟ್ಟಿಯಲ್ಲಿಟ್ಟು, ಹೊರಗೆ ಸಿಕ್ಕಿಸಿದ ತೊಟ್ಟಿಯಿಂದ ಕುಡಿಯುವುದನ್ನು ಕಲಿಸಿ. ಎರಡು ಕಾಳು ನೀರಿಗೆ ಹಾಕಿದರೆ ಕೊಕ್ಕು ತಾನಾಗಿ ಅಲ್ಲಿಗೆ ಹೋಗುತ್ತದೆ. ಮನೆಯಲ್ಲಿ ನೀರು ಬುಟ್ಟಿಗೆ ಹಾಕುವ ಕ್ಷಣದ ತನಕ ಇರಲಿ.

ಬುಟ್ಟಿಗೆ ಹಾಕುವಾಗ ಪ್ರತಿ ಹಕ್ಕಿಯ ಎದೆಮೂಳೆಯ ಮೇಲೆ ಬೆರಳಾಡಿಸಿ. ಮೂಳೆಯ ಏಣು ತಿಳಿಯಬೇಕು, ಆದರೆ ಕತ್ತಿಯಂಚಿನಂತಿರಬಾರದು. ಎರಡೂ ಕಡೆ ಮಾಂಸ ದುಂಡಗೆ, ಬಿಗಿಯಾಗಿರಬೇಕು. ಏಣೇ ಸಿಗದಷ್ಟು ಮೆತ್ತಗಿದ್ದರೆ ವಾರದ ಮೊದಲರ್ಧ ನೀವು ಕೈ ಬಿಗಿಹಿಡಿದಿಲ್ಲ. ಪ್ರತಿ ಹಕ್ಕಿಯನ್ನೂ ತೂಗಿ ಬರೆದಿಡಿ, ವಾಪಸ್ ಬಂದಾಗ ಬೇಕಾಗುತ್ತದೆ.

ವಾಪಸ್ ಬಂದಾಗ

ಮೊದಲು ನೀರು. ಮೆಡಿಕಲ್ ಶಾಪ್‌ನ ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಹೇಳಿರುವಷ್ಟೇ ನೀರಿಗೆ ಕಲಸಿ ಇಡಿ. ಮಾರ್ಚ್ ಬಿಸಿಲಿನಲ್ಲಿ ಅನಂತಪುರ, ಕರ್ನೂಲಿನ ಕಡೆಯಿಂದ ಬರುವ ಹಕ್ಕಿಗೆ ಕಾಳಿಗಿಂತ ಇದು ತುರ್ತು. ನಾಲ್ಕು ಗಂಟೆಯ ಮೇಲೆ ಉಳಿದದ್ದನ್ನು ಚೆಲ್ಲಿ, ಬಟ್ಟಲು ತೊಳೆಯಿರಿ. ಸಕ್ಕರೆ ಇರುವ ನೀರಿನಲ್ಲಿ ಸೂಕ್ಷ್ಮಾಣು ಬೇಗ ಬೆಳೆಯುತ್ತದೆ. ಟ್ರ್ಯಾಪ್ ಒಳಗೆ ಕರೆಯಲು ನಾಲ್ಕು ಕಾಳು ಹಾಕಬಹುದು, ಮೇವು ಅರ್ಧ ಗಂಟೆ ಬಿಟ್ಟು: ಹಗುರ ಮೇವು ಅಥವಾ ಸಜ್ಜೆ, ನವಣೆ, 10–12 ಗ್ರಾಂ. ಬಳಲಿದ ಹಕ್ಕಿಯ ಒಣ ಚೀಲಕ್ಕೆ ಬಟಾಣಿ ಮೆಕ್ಕೆಜೋಳ ತುಂಬಿಸಿದರೆ ಕಾಳು ಅಲ್ಲೇ ಗಡ್ಡೆ ಕಟ್ಟುತ್ತದೆ. ಸಂಜೆ ಟಾಸ್ ಮಿಕ್ಸ್‌ಗೆ ಸ್ವಲ್ಪ ಹೆಸರು ಸೇರಿಸಿ 20 ಗ್ರಾಂ ಕೊಡಿ. ಸವೆದ ಮಾಂಸಖಂಡ ಕಟ್ಟಲು ಪ್ರೋಟೀನ್ ಬೇಕಾಗುವುದು ಈಗ.

ಮರುದಿನ ಬೆಳಿಗ್ಗೆ ಹಿಕ್ಕೆ ನೋಡಿ. ಕಂದು ಬಣ್ಣದ ಗಟ್ಟಿ ಗುಂಡು, ತುದಿಗೆ ಬಿಳಿ ಟೋಪಿ ಇದ್ದರೆ ಎಲ್ಲ ಸರಿ. ಹಸಿರು, ತೆಳ್ಳಗಿದ್ದರೆ ಹೊಟ್ಟೆ ಖಾಲಿ ಇದ್ದದ್ದರಿಂದಲೂ ಆಗಿರಬಹುದು. ಮೇವು ತಿಂದ ಮೇಲೆಯೂ ಎರಡನೆಯ ದಿನ ಹಾಗೇ ಇದ್ದು, ಹಕ್ಕಿ ವಾಂತಿ ಮಾಡುತ್ತಿದ್ದರೆ ಕಾಯಿಲೆ. ಗಂಟಲಲ್ಲಿ ಹಳದಿ ಗಿಣ್ಣಿನಂಥ ಗಂಟು ಕಂಡರೆ ಅದು ಕ್ಯಾಂಕರ್ ಎಂಬ ಅಂಟುರೋಗ. ಒಂದೇ ಬಟ್ಟಲಿನ ನೀರಿನಿಂದ ಇಡೀ ಗೂಡಿಗೆ ಹರಡುತ್ತದೆ. ಆ ಹಕ್ಕಿಯನ್ನು ಬೇರೆ ಇಟ್ಟು, ಹಿಕ್ಕೆಯನ್ನು ಪೊಟ್ಟಣದಲ್ಲಿ ಹಿಡಿದು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೋ ನಿಮ್ಮೂರಿನ ಪಶುವೈದ್ಯರಿಗೋ ತೋರಿಸಿ. ಅಂದಾಜಿನಲ್ಲಿ ಆ್ಯಂಟಿಬಯೋಟಿಕ್ ಕಲಸಿದರೆ ಹೊಟ್ಟೆಯ ಒಳ್ಳೆಯ ಸೂಕ್ಷ್ಮಾಣುವೂ ಸತ್ತು, ನಿಮ್ಮ ಎರಡು ವಾರದ ಮೇವು ವ್ಯರ್ಥ.

ಎರಡು ಮೂರು ದಿನ ತಡವಾಗಿ ಎಲುಬುಗೂಡಾಗಿ ಬಂದ ಹಕ್ಕಿಯ ಲೆಕ್ಕವೇ ಬೇರೆ. ಓಆರ್‌ಎಸ್ ನೀರು ಕುಡಿಸಿ ಒಂದು ಗಂಟೆ ಕತ್ತಲಲ್ಲಿ ಬಿಡಿ. ಆಮೇಲೆ ಮೂರು ಗಂಟೆಗೊಮ್ಮೆ ಐದಾರು ಗ್ರಾಂ ಸಜ್ಜೆ, ನವಣೆ. ಮೆಕ್ಕೆಜೋಳ ಎರಡನೆಯ ದಿನ, ಬಟಾಣಿ ಮೂರನೆಯ ದಿನ. ಬುಟ್ಟಿಗೆ ಹಾಕುವಾಗ ಬರೆದಿಟ್ಟ ತೂಕಕ್ಕೆ ಮತ್ತೆ ಮುಟ್ಟಿ, ತಾನಾಗಿ ಗುಂಪಿನ ಜೊತೆ ಅರ್ಧ ಗಂಟೆ ಹಾರುವ ತನಕ ಅದನ್ನು ಯಾವ ರೇಸ್‌ಗೂ ಹಾಕಬೇಡಿ.